ಗುರುದತ್ತ ಅರವತ್ತು ಮಾತ್ರೆ ನುಂಗಿದ್ದು

ಅರಸೀಕೆರೆಯ ಗುರುದತ್ತ ವಿಶಾಖಪಟ್ಟಣಕ್ಕೆ ಬಂದದ್ದು ಹೆಂಡತಿಯ ವರ್ಗಾವಣೆಯ ಸಾಮಾನುಗಳ ಜೊತೆಗೆ. ಸುಲೋಚನಾ ಬ್ಯಾಂಕಿನ ಅಧಿಕಾರಿ. ಬ್ಯಾಂಕು ಅವಳನ್ನು ಎತ್ತಿ ಸಮುದ್ರದ ದಡಕ್ಕೆ ಹಾಕಿದಾಗ ಗುರುದತ್ತನೂ ಬಂದರಿನ ಹತ್ತಿರದ ಒಂದು ಸರಕು ಸಾಗಣೆ ಏಜೆನ್ಸಿಯಲ್ಲಿ ಕೆಲಸ ಹುಡುಕಿಕೊಂಡ. ನಾಲ್ಕು ವರ್ಷವಾದ ಮೇಲೆ ಬ್ಯಾಂಕು ಅವಳನ್ನು ಮತ್ತೆ ಎತ್ತಿ ವಿಜಯವಾಡಕ್ಕೆ ಹಾಕಿತು. ಈ ಸಲ ಗುರುದತ್ತ ಏಳಲಿಲ್ಲ. ಊರಂಚಿನ ಪೆಂದುರ್ತಿಯ ಫ್ಲ್ಯಾಟು, ಆಫೀಸಿನ ಕುರ್ಚಿ, ಅನಕಾಪಲ್ಲಿಯಿಂದ ಬರುವ ಲಾರಿಯವರು ಅಭಿಮಾನದಿಂದ ತಂದುಕೊಡುವ ಬೆಲ್ಲ, ಈ ಮೂರಕ್ಕೂ ಅವನು ಒಗ್ಗಿಹೋಗಿದ್ದ.

ಐವತ್ತೆರಡು ವಯಸ್ಸಿನ ಗುರುದತ್ತನಿಗೆ ಸಕ್ಕರೆ ಕಾಯಿಲೆ. ಆದ್ದರಿಂದ ವಿಜಯವಾಡದ ರೈಲು ಹತ್ತುವ ಮುಂಚೆ ಸುಲೋಚನಾ ಪ್ಲಾಟ್‌ಫಾರಮ್ಮಿನ ಮೇಲೆ ನಿಂತು ಕಾನೂನು ಹೊರಡಿಸಿದಳು.

"ದಿನಾ ಮೂರು ಮೆಸೇಜು ಕಣ್ರೀ. ಎದ್ದು ವಾಕಿಂಗ್ ಹೊರಟಾಗ ಒಂದು. ತಿಂಡಿ ಆಗಿ ಮಾತ್ರೆ ತಗೊಂಡಾಗ ಒಂದು. ಮಧ್ಯಾಹ್ನ ಊಟ ಆದಾಗ ಒಂದು. ಒಂದು ತಪ್ಪಿದ್ರೂ ಆಫೀಸಿಗೆ ಫೋನ್ ಮಾಡ್ತೀನಿ."

"ಮೂರೇ ತಾನೆ," ಎಂದ ಗುರುದತ್ತ, ಮೂರು ಲೋಕವನ್ನೇ ಗೆದ್ದವನಂತೆ.

ಎಂಟನೆಯ ದಿನ ಒಂದು ತಪ್ಪಿತು. ಸುಲೋಚನಾ ಹೇಳಿದಂತೆ ಆಫೀಸಿಗೆ ಫೋನ್ ಮಾಡಿದಳು. ರಿಸೆಪ್ಷನ್ನಿನ ಹುಡುಗಿ ಅಲ್ಲಿಂದಲೇ, ಕಂಟೇನರ್ ಬಂದ ಸುದ್ದಿ ಕೂಗುವ ದನಿಯಲ್ಲಿ, "ಗುರುದತ್ತ ಗಾರೂ, ಮೇಡಂ ಕೇಳ್ತಿದಾರೆ, ವಾಕಿಂಗ್ ಹೋಗಿದ್ರಾ ಅಂತ!" ಎಂದು ಕೂಗಿದಳು. ನಲವತ್ತು ತಲೆಗಳು ತಿರುಗಿದವು. ಅವತ್ತೇ ಗುರುದತ್ತ ಇದಕ್ಕೊಂದು ಶಾಶ್ವತ ಪರಿಹಾರ ಬೇಕೆಂದು ನಿಶ್ಚಯಿಸಿದ.

ಪರಿಹಾರ ಸಿಕ್ಕಿದ್ದು ಧನ್ಯಾಳಲ್ಲಿ. ಪುತ್ತೂರಿನ ಹುಡುಗಿ. ಆಫೀಸಿನ ಕಂಪ್ಯೂಟರುಗಳನ್ನೂ ಅವೆಲ್ಲಕ್ಕೂ ಯಜಮಾನನಂತಿರುವ ಸರ್ವರನ್ನೂ ನೋಡಿಕೊಳ್ಳುವವಳು. ಲಾರಿಯವರಿಗೆ ಬೆಳಿಗ್ಗೆ ಏಳಕ್ಕೆ ಸರಿಯಾಗಿ ವಾಟ್ಸಾಪ್ ಸಂದೇಶ ಹೋಗುತ್ತದಲ್ಲ, ಆ ಹೊತ್ತಿಗೆ ಎದ್ದು ಕಳಿಸುವವರು ಯಾರು ಎಂದು ಗುರುದತ್ತ ಕೇಳಿದ.

"ಯಾರೂ ಇಲ್ಲ ಸರ್. ಕ್ರಾನ್ ಅಂತ ಉಂಟು. ಯಾವಾಗ ಎಂತ ಮಾಡ್ಬೇಕು ಅಂತ ಒಂದು ಸಾಲು ಬರೆದಿಟ್ರೆ ಆಯ್ತು, ಸರ್ವರ್ ತಾನೇ ಮಾಡ್ತದೆ. ಸಾಲಿನ ಮೊದಲಿಗೆ ಐದು ಜಾಗ. ನಿಮಿಷ, ಗಂಟೆ, ತಾರೀಕು, ತಿಂಗಳು, ವಾರ. ದಿನಾ ಬೇಕಾದ್ರೆ ತಾರೀಕು, ತಿಂಗಳು, ವಾರದ ಜಾಗದಲ್ಲಿ ಒಂದೊಂದು ನಕ್ಷತ್ರ ಚಿಹ್ನೆ."

"ಐದು ಅಂಗ, ಅದರಲ್ಲಿ ವಾರ, ನಕ್ಷತ್ರ! ಇದು ಪಂಚಾಂಗ ಕಣಮ್ಮಾ!" ಎಂದು ಗುರುದತ್ತ ಕುರ್ಚಿಯಿಂದ ಎದ್ದೇಬಿಟ್ಟ. "ನಮ್ಮ ತಾತ ಪಂಚಾಂಗ ಬರೀತಿದ್ರು. ನಂಗೆ ಇದು ರಕ್ತದಲ್ಲೇ ಇದೆ."

ಧನ್ಯಾ ಮರ್ಯಾದೆಯ ಹುಡುಗಿ, ರಕ್ತದ ವಿಷಯಕ್ಕೆ ಹೋಗಲಿಲ್ಲ. ಗುರುದತ್ತನ ವಾಟ್ಸಾಪನ್ನು ಸರ್ವರ್‌ಗೆ ಜೋಡಿಸಿಕೊಟ್ಟು, ಆಫೀಸಿನ ಪಟ್ಟಿಯ ಕೊನೆಯಲ್ಲೇ ಅವನಿಗೂ ಜಾಗ ಬಿಟ್ಟಳು. "ಮೇಡಂಗೆ ಇದು ಗೊತ್ತುಂಟಾ ಸರ್?" ಎಂದು ಒಮ್ಮೆ ಕೇಳಿದಳು.

"ಸರ್‌ಪ್ರೈಸು," ಎಂದ ಗುರುದತ್ತ.

ಮೂರು ಸಾಲು ಬರೆದ. ಬೆಳಿಗ್ಗೆ ಆರಕ್ಕೆ: 'ಎದ್ದೆ. ವಾಕಿಂಗ್ ಹೊರಟೆ. ಎಳೆಬಿಸಿಲು ಹಿತವಾಗಿದೆ.' ಎಂಟಕ್ಕೆ: 'ಸಕ್ಕರೆ ಮಾತ್ರೆ ನುಂಗಿದೆ.' ಮಧ್ಯಾಹ್ನ ಒಂದಕ್ಕೆ: 'ಊಟ ಆಯಿತು. ಎರಡೇ ಚಪಾತಿ.'

ಎರಡು ತಿಂಗಳು ಸ್ವರ್ಗ. ಬೆಳಿಗ್ಗೆ ಆರಕ್ಕೆ ಸರ್ವರ್ ವಾಕಿಂಗ್ ಹೊರಡುತ್ತಿತ್ತು, ಗುರುದತ್ತ ಮಗ್ಗುಲು ಬದಲಾಯಿಸುತ್ತಿದ್ದ. ಎಂಟಕ್ಕೆ ಸರ್ವರ್ ಮಾತ್ರೆ ನುಂಗುತ್ತಿತ್ತು, ಗುರುದತ್ತ ದೋಸೆಗೆ ಅನಕಾಪಲ್ಲಿ ಬೆಲ್ಲ ಸವರುತ್ತಿದ್ದ. ಒಂದಕ್ಕೆ ಸರ್ವರ್ ಎರಡೇ ಚಪಾತಿಗೆ ಕೈ ತೊಳೆಯುತ್ತಿತ್ತು, ಗುರುದತ್ತ ಮೂರನೆಯ ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದ. ಸರ್ವರಿನ ಆರೋಗ್ಯ ದಿನದಿಂದ ದಿನಕ್ಕೆ ಸುಧಾರಿಸಿತು. ವಿಜಯವಾಡದಿಂದ ಪ್ರತಿ ಸಂದೇಶಕ್ಕೂ ಹೆಬ್ಬೆರಳು ಎತ್ತಿದ ಚಿತ್ರ ಬರುತ್ತಿತ್ತು. ಮೊದಮೊದಲು ನೋಡುತ್ತಿದ್ದ ಗುರುದತ್ತ ಆಮೇಲೆ ಅದನ್ನು ನೋಡುವುದನ್ನೂ ಬಿಟ್ಟ. ಅದರ ಬದಲು ಟೀ ವೇಳೆಯಲ್ಲಿ ಆಟೋಮೇಷನ್ ಕುರಿತು ಉಪನ್ಯಾಸ ಕೊಡತೊಡಗಿದ.

ಅಷ್ಟರಲ್ಲಿ ಆಫೀಸಿನವರು ಹಳೆಯ ಸರ್ವರನ್ನು ತೆಗೆದು ಹೊಸದನ್ನು ಹಾಕಿದರು.

"ಸರ್, ಈ ಹೊಸ ಸರ್ವರ್ ನಮ್ಮ ಗಡಿಯಾರದಲ್ಲಿ ನಡೆಯುವುದಿಲ್ಲ," ಎಂದಳು ಧನ್ಯಾ. "ಲೋಕಕ್ಕೆಲ್ಲ ಒಂದೇ ಸಮಯ ಅಂತ ಉಂಟಲ್ಲ, ಅದು ಇದರಲ್ಲಿ. ನಮಗಿಂತ ಐದೂವರೆ ಗಂಟೆ ಹಿಂದೆ. ಉಳಿದ ಸಾಲೆಲ್ಲ ನಾನು ಸರಿ ಮಾಡಿದ್ದೇನೆ. ನಿಮ್ಮದೂ ಮಾಡ್ಲಾ?"

ಸುತ್ತ ನಾಲ್ಕು ಜನ ಟೀ ಕುಡಿಯುತ್ತಿದ್ದರು. ಅವರೆದುರಿಗೆ ಗುರುದತ್ತ ಬೇರೇನು ಹೇಳಲು ಸಾಧ್ಯ? "ನಂಗೆ ಗೊತ್ತಮ್ಮಾ, ನಾನೇ ಮಾಡ್ಕೋತೀನಿ," ಎಂದ. ಅವನಿಗೆ ಒಂದಕ್ಷರ ಅರ್ಥವಾಗಿರಲಿಲ್ಲ. ಏನೂ ಮಾಡಲಿಲ್ಲ.

ಮಾರನೆಯ ದಿನ ವಿಜಯವಾಡದ ಬ್ಯಾಂಕಿನಲ್ಲಿ ಹನ್ನೊಂದೂವರೆಗೆ ಸುಲೋಚನಾಳ ಫೋನು ಕುಂಯ್‌ಗುಟ್ಟಿತು. 'ಎದ್ದೆ. ವಾಕಿಂಗ್ ಹೊರಟೆ. ಎಳೆಬಿಸಿಲು ಹಿತವಾಗಿದೆ.' ಹೊರಗೆ ವಿಜಯವಾಡದ ಏಪ್ರಿಲ್ ಬಿಸಿಲು ರಸ್ತೆಯ ಡಾಂಬರನ್ನು ಕರಗಿಸುತ್ತಿತ್ತು. ಒಂದೂವರೆಗೆ ಮಾತ್ರೆ ಬಂತು. ಸಂಜೆ ಆರೂವರೆಗೆ ಮಧ್ಯಾಹ್ನದ ಊಟ ಬಂತು. ನೆಟ್‌ವರ್ಕು ಸರಿಯಿಲ್ಲವೆಂದುಕೊಂಡಳು. ಎರಡನೆಯ ದಿನವೂ ಹಾಗೇ ಆಯಿತು. ಮೂರನೆಯ ದಿನ ಹನ್ನೊಂದೂವರೆಗೆ ಅವಳು ಪೆಂದುರ್ತಿಯ ಎದುರು ಫ್ಲ್ಯಾಟಿನ ದುರ್ಗಾಂಬ ಅವರಿಗೆ ಫೋನ್ ಮಾಡಿದಳು. ದುರ್ಗಾಂಬ ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷೆ. ಗಂಡನ ನೌಕರಿಯ ಕಾಲದಲ್ಲಿ ಎಂಟು ವರ್ಷ ಬಳ್ಳಾರಿಯಲ್ಲಿದ್ದವರು, ಕನ್ನಡ ಚೆನ್ನಾಗಿ ಬರುತ್ತಿತ್ತು.

"ನಮ್ಮನೆಯವರು ಈಗ ವಾಕಿಂಗ್ ಹೋಗ್ತಾ ಇದಾರಾ ನೋಡ್ತೀರಾ?"

"ಈಗೇನು ವಾಕಿಂಗು ತಲ್ಲೀ? ಒಂಬತ್ತಕ್ಕೇ ಆಫೀಸಿಗೆ ಹೋದ್ರಲ್ಲ! ನನ್ನ ಕಣ್ಣಾರ ನೋಡೀನಿ. ಡಬ್ಬಿ ಹಿಡಕೊಂಡು, ಲಿಫ್ಟ್‌ನಾಗ ನಮಸ್ಕಾರ ಹೇಳಿದ್ರು."

"ಈಗ ಎದ್ದೆ ಅಂತ ಬರೆದಿದಾರೆ."

ಆ ಕಡೆ ಎದುರು ಮನೆಯ ಬೀಗ ಎಳೆದು ನೋಡಿದ ಸದ್ದಾಯಿತು. ಆಮೇಲೆ ದುರ್ಗಾಂಬ ಸಣ್ಣ ದನಿಯಲ್ಲಿ ಕೇಳಿದರು: "ಅಂದ್ರ... ಒಂಬತ್ತಕ್ಕ ನಿದ್ದೆಯಾಗೇ ಹೋದ್ರಾ?"

ಮಧ್ಯಾಹ್ನದೊಳಗೆ ಇಡೀ ಅಪಾರ್ಟ್‌ಮೆಂಟಿಗೆ ವಿಷಯ ಗೊತ್ತಾಯಿತು. ನಿದ್ದೆಯಲ್ಲಿ ನಡೆಯುವವರನ್ನು ತಟ್ಟನೆ ಎಬ್ಬಿಸಬಾರದು, ಎಬ್ಬಿಸಿದರೆ ತಲೆಗೆ ಅಪಾಯ ಎಂದು ದುರ್ಗಾಂಬ ಸಂಘದ ಗುಂಪಿನಲ್ಲಿ ಪ್ರಕಟಣೆ ಹೊರಡಿಸಿದರು. ಅಪಾಯವಿದ್ದದ್ದರಿಂದ ಆ ಪ್ರಕಟಣೆ ಗುರುದತ್ತನಿಗೆ ಕಾಣದಂತೆ ಅವನನ್ನು ಮೊದಲೇ ಗುಂಪಿನಿಂದ ತೆಗೆದರು.

ಮಾರನೆಯ ಬೆಳಿಗ್ಗೆ ಗುರುದತ್ತ ಬಾಗಿಲು ತೆರೆದರೆ ಮಹಡಿಯೆಲ್ಲ ಗುಡಿಯಂತೆ ಶಾಂತವಾಗಿತ್ತು. ಕುಕ್ಕರ್ ಕೂಗಲಿಲ್ಲ. ಮಿಕ್ಸಿ ನಿಂತಿತು. ಇಬ್ಬರು ಹೆಂಗಸರು ಲಿಫ್ಟಿನವರೆಗೆ ಅವನ ಮೊಣಕೈ ಹಿಡಿದು ನಡೆಸಿದರು. ಒಬ್ಬರು ಅವನ ಕಣ್ಣ ಮುಂದೆ ಕೈಯಾಡಿಸಿ ನೋಡಿದರು. ವಾಚ್‌ಮನ್ ಚಪ್ಪಲಿ ಬಿಟ್ಟು ತುದಿಗಾಲಿನಲ್ಲಿ ಬಂದು ಗೇಟು ತೆರೆದ. ಆಟೋದವನು ಹಾರ್ನ್ ಹಾಕದೆ ಎತ್ತಿನ ಗಾಡಿಯ ವೇಗದಲ್ಲಿ ಆಫೀಸು ಮುಟ್ಟಿಸಿದ.

ಗುರುದತ್ತ ಇದನ್ನೆಲ್ಲ ಗೌರವವೆಂದು ಭಾವಿಸಿದ. ತನ್ನ ಕಂಪ್ಯೂಟರ್ ಪಾಂಡಿತ್ಯದ ಸುದ್ದಿ ಹೇಗೋ ಹೊರಬಿದ್ದಿದೆ ಎಂದು ಅವನಿಗೆ ಖಾತ್ರಿಯಾಯಿತು. ಮೊಣಕೈಯನ್ನು ಸ್ವಲ್ಪ ಮುಂದಕ್ಕೇ ಚಾಚಿಕೊಂಡು ನಡೆಯತೊಡಗಿದ.

ಸುಲೋಚನಾ ಆಫೀಸಿನ ಮ್ಯಾನೇಜರಿಗೂ ಫೋನ್ ಮಾಡಿದ್ದಳು. ಮ್ಯಾನೇಜರ್ ರಾಮಮೋಹನ್ ಗಾರು ಗಂಭೀರ ಮನುಷ್ಯರು. ಅವಳು ಹೇಳಿದ್ದನ್ನೆಲ್ಲ ಕೇಳಿ ನಿಟ್ಟುಸಿರುಬಿಟ್ಟರು.

"ಹನ್ನೊಂದೂವರೆಗೆ ಎಚ್ಚರ ಆಗುತ್ತೆ ಅಂದ್ರಾ ಮೇಡಂ? ನನ್ನ ಅಂದಾಜು ಹನ್ನೆರಡು ಇತ್ತು. ಇಷ್ಟು ವರ್ಷ ನೋಡ್ತಾನೇ ಇದೀನಿ, ಇದು ಕಾಯಿಲೆ ಅಂತ ನಂಗೆ ಹೊಳೀಲೇ ಇಲ್ಲ. ಕ್ಷಮಿಸಿ."

ಅಂದಿನಿಂದ ಹನ್ನೊಂದೂವರೆಯವರೆಗೆ ಗುರುದತ್ತನ ಮೇಜಿಗೆ ಒಂದು ಫೈಲೂ ಬರಲಿಲ್ಲ. ಹನ್ನೊಂದೂವರೆಗೆ ಸರಿಯಾಗಿ ಇಡೀ ಆಫೀಸು ಅವನತ್ತ ತಿರುಗಿ, ಮೆಲುದನಿಯಲ್ಲಿ, ಒಕ್ಕೊರಲಿನಿಂದ "ಗುಡ್ ಮಾರ್ನಿಂಗ್, ಗುರುದತ್ತ ಗಾರೂ" ಎನ್ನುತ್ತಿತ್ತು.

ನಾಲ್ಕೈದು ದಿನ ನೋಡಿ, ಒಂದು ಸಂಜೆ ಸುಲೋಚನಾ ಫೋನಿನಲ್ಲಿ ಪರೀಕ್ಷೆ ನಡೆಸಿದಳು.

"ರೀ, ಇವತ್ತು ಯಾವ ವಾರ?"

"ಬುಧವಾರ."

"ನಮ್ಮ ಮದುವೆ ಆಗಿದ್ದು ಯಾವ ತಿಂಗಳು?"

ಗುರುದತ್ತ ಬಹಳ ಹೊತ್ತು ಯೋಚಿಸಿದ. "ಸೆಕೆ ಇತ್ತು ಅಂತ ನೆನಪು..."

"ಡಿಸೆಂಬರ್ ಕಣ್ರೀ!" ಎಂದು ಸುಲೋಚನಾ ಬಿಕ್ಕಿದಳು. ಈ ಪ್ರಶ್ನೆಗೆ ಅವನು ಆರೋಗ್ಯವಾಗಿದ್ದಾಗಲೂ ಸರಿಯುತ್ತರ ಕೊಟ್ಟವನಲ್ಲ. ಆ ಸಂಕಟದಲ್ಲಿ ಅವಳಿಗೆ ಅದು ನೆನಪಾಗಲಿಲ್ಲ.

ಗುರುವಾರ ಹನ್ನೊಂದೂವರೆಗೆ ಗುರುದತ್ತನ ಕೈಯಲ್ಲಿ ಫೋನಿತ್ತು. ಆಫೀಸು "ಗುಡ್ ಮಾರ್ನಿಂಗ್" ಎಂದ ಕ್ಷಣಕ್ಕೇ ಅವನ ಕಣ್ಣೆದುರಿಗೆ ಅವನದೇ ವಾಟ್ಸಾಪಿನಿಂದ 'ಎದ್ದೆ' ಎಂಬ ಸಂದೇಶ ಹಾರಿಹೋಯಿತು. ಹಿಂದಿನ ದಿನಗಳ ಹೊತ್ತುಗಳನ್ನು ನೋಡಿದ. ಐದೂವರೆ ಗಂಟೆ ಎಂದು ಧನ್ಯಾ ಹೇಳಿದ್ದು ನೆನಪಾಯಿತು. ಕೇಳಿದರೆ ಮರ್ಯಾದೆ ಹೋಗುತ್ತದೆ. ಸಂಜೆ ಅವಳು ಮನೆಗೆ ಹೋದ ಮೇಲೆ ಕಂಪ್ಯೂಟರಿನ ಮುಂದೆ ಕುಳಿತು ಬೆರಳು ಮಡಚಿದ.

ಎಂಟರಿಂದ ಐದೂವರೆ ಕಳೆದರೆ ಎರಡೂವರೆ. ಗಂಟೆಯ ಜಾಗದಲ್ಲಿ ಎರಡು ಬರೆದ. ಆ ಅರ್ಧವನ್ನು ಎಲ್ಲಿಡುವುದು? ನಿಮಿಷದ ಜಾಗದಲ್ಲಿ ಇಡಬೇಕೋ, ಗಂಟೆಯ ಪಕ್ಕದಲ್ಲೋ? ಕೊನೆಗೆ, ಎರಡು ಗಂಟೆಯ ಮೇಲೆ ಯಾವ ನಿಮಿಷಕ್ಕೆ ಹೋದರೂ ಅಡ್ಡಿಯಿಲ್ಲ ಎಂಬ ಉದಾರ ಮನಸ್ಸಿನಿಂದ ನಿಮಿಷದ ಜಾಗಕ್ಕೂ ಒಂದು ನಕ್ಷತ್ರ ಹಾಕಿದ. ಊಟದ ಸಾಲಿಗೂ ಹಾಗೇ ಮಾಡಿದ. ಇಷ್ಟರಲ್ಲಿ ತಲೆ ಬಿಸಿಯಾಗಿ, ವಾಕಿಂಗಿನ ಸಾಲನ್ನು ನಾಳೆಗೆ ಬಿಟ್ಟು ಮನೆಗೆ ಹೋದ.

ಯಾವ ನಿಮಿಷವಾದರೂ ಸರಿ ಎಂದು ಗುರುದತ್ತ ಬರೆದದ್ದನ್ನು ಸರ್ವರ್ ಆ ಒಂದು ಗಂಟೆಯ ಪ್ರತಿ ನಿಮಿಷವೂ ಎಂದು ಓದಿಕೊಂಡಿತು.

ಶುಕ್ರವಾರ ಬೆಳಿಗ್ಗೆ ಏಳೂವರೆ. ಸುಲೋಚನಾ ತಲೆ ಬಾಚುತ್ತಿದ್ದಳು. 'ಸಕ್ಕರೆ ಮಾತ್ರೆ ನುಂಗಿದೆ.' ಅವಳ ಮುಖ ಅರಳಿತು. ಎಷ್ಟೋ ದಿನದ ಮೇಲೆ ಬೆಳಗಿನ ಮಾತ್ರೆ ಬೆಳಿಗ್ಗೆಯೇ ಬಂದಿತ್ತು. ಒಂದು ನಿಮಿಷದ ಮೇಲೆ ಮತ್ತೆ: 'ಸಕ್ಕರೆ ಮಾತ್ರೆ ನುಂಗಿದೆ.' ಇನ್ನೊಂದು ನಿಮಿಷಕ್ಕೆ ಇನ್ನೊಂದು. ಬಾಚಣಿಗೆ ಕೈಯಿಂದ ಬಿತ್ತು. ಗುರುದತ್ತನಿಗೆ ಫೋನ್ ಮಾಡಿದಳು. ಅವನ ಫೋನು ಮಲಗುವ ಕೋಣೆಯಲ್ಲಿ ದನಿಯಡಗಿಸಿಕೊಂಡು ಚಾರ್ಜ್ ಆಗುತ್ತಿತ್ತು.

"ದುರ್ಗಾಂಬ ಗಾರೂ, ಓಡಿ! ನುಂಗಿದ್ದು ಮರೆತು ಮತ್ತೆ ಮತ್ತೆ ನುಂಗ್ತಾ ಇದಾರೆ! ಹನ್ನೊಂದಾಯ್ತು... ಅಯ್ಯೋ, ಹನ್ನೆರಡು!"

ದುರ್ಗಾಂಬ ನೈಟಿಯ ಮೇಲೊಂದು ಟವೆಲ್ ಹೊದ್ದು, ನಾಲ್ಕು ಮನೆಯವರನ್ನು ಕಟ್ಟಿಕೊಂಡು ಬಾಗಿಲು ಬಡಿದರು. ಒಳಗೆ ಗುರುದತ್ತ ದೋಸೆಯ ಮುಂದೆ ಬೆಲ್ಲದ ಅಚ್ಚು ಇಟ್ಟುಕೊಂಡು ಕುಳಿತಿದ್ದ. ದುರ್ಗಾಂಬ ಬೆಲ್ಲ ನೋಡಿದರೆ ಐದು ನಿಮಿಷದಲ್ಲಿ ವಿಜಯವಾಡಕ್ಕೆ ವರದಿ ಹೋಗುತ್ತದೆ. ಬೇರೆ ದಾರಿ ತೋಚದೆ ಅಷ್ಟು ಬೆಲ್ಲವನ್ನೂ ಬಾಯಿಗೆ ತುರುಕಿಕೊಂಡು ಬಾಗಿಲು ತೆರೆದ.

"ಎಷ್ಟು ನುಂಗಿದ್ರಿ? ಮಾತಾಡ್ರೀ!"

"ಮ್‌ಮ್‌ಮ್," ಎಂದ ಗುರುದತ್ತ. ತುಟಿಯ ಅಂಚಿನಿಂದ ಕಂದು ಬಣ್ಣದ ಜೊಲ್ಲು ಇಳಿಯಿತು.

"ನಾಲಿಗೆ ಬಿದ್ದುಹೋಗೇದ! ಆಂಬುಲೆನ್ಸ್ ಕರೀರಿ!"

ಅವನನ್ನು ಸೋಫಾದ ಮೇಲೆ ಕೆಡವಿದರು. ದುರ್ಗಾಂಬರ ಕೈಯಲ್ಲಿದ್ದ ಫೋನಿನಿಂದ ಸುಲೋಚನಾ "ಇಪ್ಪತ್ತಾರು!" ಎಂದು ಕೂಗುವುದಕ್ಕೂ, ಗುರುದತ್ತ ಗುಟುಕ್ಕೆಂದು ಒಂದಿಷ್ಟು ಬೆಲ್ಲ ನುಂಗುವುದಕ್ಕೂ ಸರಿಹೋಯಿತು.

"ನೋಡ್ರೀ, ನನ್ನ ಕಣ್ಣೆದುರಿಗೇ ನುಂಗಿದ್ರು! ಬಾಯಿ ತೆಗಸ್ರಿ!"

"ಇಪ್ಪತ್ತೇಳು!" ಗುಟುಕ್.

ಆಂಬುಲೆನ್ಸಿನವರು ಮಾತ್ರೆಯ ಖಾಲಿ ಪಟ್ಟಿಗಳನ್ನು ಹುಡುಕಿ ತನ್ನಿ ಎಂದರು. ದುರ್ಗಾಂಬ ಡ್ರಾಯರಿನಲ್ಲಿ ಸಿಕ್ಕಿದ್ದನ್ನೆಲ್ಲ ಟವೆಲ್ಲಿನಲ್ಲಿ ಗಂಟು ಕಟ್ಟಿಕೊಂಡು ಹತ್ತಿದರು. ಆ ಹೊತ್ತಿಗೆ ವಿಜಯವಾಡದಲ್ಲಿ ಸುಲೋಚನಾ, ಅರ್ಧ ಬಾಚಿದ ತಲೆಯಲ್ಲೇ, ಸ್ಟೇಷನ್ನಿಗೆ ಓಡುತ್ತಿದ್ದಳು. ಎಂಟೂವರೆಗೆ ಅವಳ ಲೆಕ್ಕ ಅರವತ್ತಕ್ಕೆ ನಿಂತಿತು.

ಪೆಂದುರ್ತಿಯ ನರ್ಸಿಂಗ್ ಹೋಮಿನಲ್ಲಿ ಡಾಕ್ಟರ್ ಸುಮಂತ್ ಎಂಬ ಯುವಕ ಹೊಟ್ಟೆ ತೊಳೆಯುವ ನಳಿಗೆಯನ್ನು ಕೈಗೆತ್ತಿಕೊಂಡ. ನಳಿಗೆಯ ಉದ್ದ ನೋಡಿ ಗುರುದತ್ತನಿಗೆ ಮಾತು ಮರಳಿತು.

"ನಾನು ಒಂದೂ ನುಂಗಿಲ್ಲ ಡಾಕ್ಟ್ರೇ!"

"ನುಂಗಿದವರೆಲ್ಲ ಹಾಗೇ ಹೇಳೋದು," ಎಂದ ಸುಮಂತ್. ಆದರೂ ನಳಿಗೆ ಇಳಿಸುವ ಮುಂಚೆ ಬೆರಳಿಗೆ ಸೂಜಿ ಚುಚ್ಚಿ ಸಕ್ಕರೆ ನೋಡಿದ. ಯಂತ್ರವನ್ನು ಅಲ್ಲಾಡಿಸಿ ಮತ್ತೊಮ್ಮೆ ನೋಡಿದ. ಮುನ್ನೂರ ನಲವತ್ತೆರಡು.

"ಅರವತ್ತು ಮಾತ್ರೆ ನುಂಗಿದವರ ಸಕ್ಕರೆ ಪಾತಾಳಕ್ಕಿಳಿದಿರಬೇಕು. ಇದು ಆಕಾಶದಲ್ಲಿದೆ," ಎಂದು ಟವೆಲ್ಲಿನ ಗಂಟು ಬಿಚ್ಚಿದ. ಆರು ಪಟ್ಟಿ. ಒಂದರಲ್ಲೂ ಒಂದು ಮಾತ್ರೆ ಕಡಿಮೆಯಿರಲಿಲ್ಲ. ಸುಮಂತ್ ಗುರುದತ್ತನನ್ನು ನೋಡಿದ. ಗುರುದತ್ತ ಫ್ಯಾನು ನೋಡಿದ. "ಇವರನ್ನು ಇಲ್ಲೇ ಇಟ್ಟುಕೊಳ್ಳಿ," ಎಂದು ನರ್ಸಿಗೆ ಹೇಳಿ ಸುಮಂತ್ ನಳಿಗೆಯನ್ನು ಕೆಳಗಿಟ್ಟ.

ಹನ್ನೊಂದೂವರೆಗೆ, ರಾಜಮಂಡ್ರಿ ದಾಟಿದ ರೈಲಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಕುಳಿತಿದ್ದ ಸುಲೋಚನಾಳಿಗೆ ಸಂದೇಶ ಬಂತು: 'ಎದ್ದೆ. ವಾಕಿಂಗ್ ಹೊರಟೆ.' ಪ್ರಜ್ಞೆ ಬಂತೆಂದು ಆನಂದಬಾಷ್ಪ ಸುರಿಸಿದಳು. ಬೋಗಿಯವರೆಲ್ಲ ದೇವರಿಗೆ ಕೈಮುಗಿದರು. ಆಮೇಲೆ ಎರಡನೆಯ ವಾಕ್ಯ ಅವಳ ತಲೆಗೆ ಹೋಯಿತು. ಆಸ್ಪತ್ರೆಯಿಂದ ಎದ್ದು ಎಲ್ಲಿಗೆ ಹೊರಟರು? ಹನ್ನೆರಡೂವರೆಗೆ ಚಪಾತಿ ಶುರುವಾಯಿತು. ಎದುರು ಸೀಟಿನ ಹಿರಿಯರೊಬ್ಬರು ಲೆಕ್ಕ ಹಿಡಿದರು. ಇಪ್ಪತ್ತು ಸಂದೇಶಕ್ಕೆ ಅವರು "ನಲವತ್ತು ಚಪಾತಿ ತಲ್ಲೀ" ಎಂದಾಗ ಸುಲೋಚನಾ ಡಾಕ್ಟರಿಗೆ ಫೋನ್ ಮಾಡಿದಳು.

"ಡಾಕ್ಟ್ರೇ, ಅವರು ನಲವತ್ತು ಚಪಾತಿ ತಿಂದಿದಾರೆ!"

"ಅಮ್ಮಾ, ಅವರು ನನ್ನೆದುರಿಗೇ ಮಲಗಿದ್ದಾರೆ. ಬೆಳಿಗ್ಗೆಯಿಂದ ನೀರು ಬಿಟ್ಟು ಏನೂ ಕೊಟ್ಟಿಲ್ಲ."

"ಮತ್ತೆ ಬರೀತಿರೋದು ಯಾರು?"

ಹೊರಡುವಾಗ ಚಾರ್ಜಿನಿಂದ ಕಿತ್ತು ತಂದಿದ್ದ ಗುರುದತ್ತನ ಫೋನು ದುರ್ಗಾಂಬರ ಕೈಯಲ್ಲೇ ಇತ್ತು. ಯಾರೂ ಮುಟ್ಟದಿದ್ದರೂ ಅದರ ಪರದೆಯ ಮೇಲೆ ಮತ್ತೊಂದು 'ಎರಡೇ ಚಪಾತಿ' ತಾನಾಗಿ ಮೂಡಿತು. ದುರ್ಗಾಂಬ ಕಿಟಾರನೆ ಕಿರುಚಿ ಫೋನನ್ನು ಮಂಚದ ಮೇಲೆ ಎಸೆದು, ಆಂಜನೇಯನನ್ನು ನೆನೆಯತೊಡಗಿದರು.

ಆಗ ಆಫೀಸಿನ ಪರವಾಗಿ ಸೇಬಿನ ಚೀಲ ಹಿಡಿದು ಧನ್ಯಾ ಒಳಗೆ ಬಂದಳು. ಫೋನನ್ನು ಎತ್ತಿ ನೋಡಿದಳು. ಗುರುದತ್ತನನ್ನು ನೋಡಿದಳು.

"ಸರ್, ನಿಮಿಷದ ಜಾಗದಲ್ಲಿ ಎಂತ ಹಾಕಿದ್ದೀರಿ?"

"ನಕ್ಷತ್ರ," ಎಂದ ಗುರುದತ್ತ ಗೋಡೆಗೆ ತಿರುಗಿಕೊಂಡು.

"ದೇವರೇ," ಎಂದು ಧನ್ಯಾ ಎಲ್ಲರಿಗೂ ಎಲ್ಲವನ್ನೂ ವಿವರಿಸಿದಳು.

ಮೂರು ಗಂಟೆಗೆ ಸುಲೋಚನಾ ಬಂದಳು. ದುರ್ಗಾಂಬ ಬಾಗಿಲಲ್ಲೇ ಅವಳಿಗೆ ಸಂಗತಿ ತಿಳಿಸಿ, ಮುಂದಿನದನ್ನು ಕೇಳಲು ಪರದೆಯ ಆಚೆ ನಿಂತರು. ಸುಲೋಚನಾ ಕೂಗಾಡಲಿಲ್ಲ. ಸ್ಟೂಲಿನ ಮೇಲೆ ಕುಳಿತು ಆ ಆರು ಪಟ್ಟಿಗಳನ್ನು ಕೈಯಲ್ಲಿ ತಿರುಗಿಸಿ ನೋಡಿದಳು.

"ಅರವತ್ತು ನುಂಗಿದಾರೆ ಅಂತ ದಾರಿಯುದ್ದಕ್ಕೂ ಅತ್ಕೊಂಡು ಬಂದೆ. ಒಂದೂ ನುಂಗಿಲ್ಲ ಅಂತ ಈಗ ಇನ್ನೊಂದು ಸಲ ಅಳಬೇಕೇನ್ರೀ?"

ಗುರುದತ್ತ ಗೋಡೆಯಿಂದ ಇತ್ತ ತಿರುಗಿದ. "ತಪ್ಪಾಯ್ತು ಸುಲೂ," ಎಂದ. ಅವಳು ಒಂದು ಮಾತ್ರೆ ಬಿಡಿಸಿ ಕೊಟ್ಟಳು. ನುಂಗಿದ. ನಾಲಿಗೆ ಎತ್ತಿಸಿ ನೋಡಿದಳು. ಒಂದು ವಾರ ರಜೆ ಹಾಕಿದಳು.

ಶನಿವಾರ ಗುರುದತ್ತನನ್ನು ಅವಳೇ ಆಫೀಸಿಗೆ ಕರೆದುಕೊಂಡು ಹೋದಳು. ರಾಮಮೋಹನ್ ಗಾರು ಸಿಬ್ಬಂದಿಯನ್ನೆಲ್ಲ ಸೇರಿಸಿ ಅರ್ಧ ಗಂಟೆ ಮಾತಾಡಿದರು. ಕಟ್ಟಿಕೊಂಡ ಹೆಂಡತಿಗೆ ಯಂತ್ರದ ಬಾಯಲ್ಲಿ ಸುಳ್ಳು ಹೇಳಿಸುವುದೇ! ನಮ್ಮ ಸಂಸ್ಕೃತಿ ಏನು, ಸಪ್ತಪದಿಯ ಅರ್ಥವೇನು! ಮಾತಿನ ಕೊನೆಗೆ ಅವರ ಕಣ್ಣೇ ತೇವವಾಯಿತು. "ಈಗಲೇ, ಮೇಡಂ ಎದುರಿಗೇ, ಆ ಸಾಲುಗಳನ್ನು ತೆಗೀರಿ," ಎಂದು ಅಪ್ಪಣೆ ಮಾಡಿದರು.

"ಇರಿ ಸರ್, ನಾನು ತೆಗೀತೇನೆ," ಎಂದು ಧನ್ಯಾ ಏಳುವಷ್ಟರಲ್ಲಿ ಗುರುದತ್ತ, ಅಷ್ಟಾದರೂ ಬರುತ್ತದೆಂದು ಹೆಂಡತಿಗೆ ತೋರಿಸಲು, ಕೀಲಿಮಣೆಗೆ ಕೈ ಹಾಕಿದ್ದ. ಪಟ್ಟಿಯನ್ನು ತಿದ್ದಲು ತೆರೆಯುವ ಅಕ್ಷರ ಇ. ಕೀಲಿಮಣೆಯ ಮೇಲೆ ಅದರ ಮಗ್ಗುಲಲ್ಲೇ ಕೂತಿರುವುದು ಆರ್. ಆರ್ ಒತ್ತಿದರೆ ಪಟ್ಟಿಯೇ ಇಲ್ಲವಾಗುತ್ತದೆ, ಹೌದೋ ಅಲ್ಲವೋ ಎಂದು ಸರ್ವರ್ ಒಂದು ಮಾತೂ ಕೇಳುವುದಿಲ್ಲ. ಗುರುದತ್ತನ ದಪ್ಪ ಬೆರಳು ಒತ್ತಿದ್ದು ಆರ್.

"ಎಲ್ಲ ಹೋಯ್ತು ಸರ್," ಎಂದಳು ಧನ್ಯಾ, ಬಿಳಿಚಿಕೊಂಡು. "ಲಾರಿಯವರದ್ದು, ಬಂದರಿನ ವರದಿ, ಎಲ್ಲ. ನನ್ನ ಪುಸ್ತಕದಲ್ಲಿ ಎಂಟು ಸಾಲು ಬರ್ಕೊಂಡಿದ್ದೇನೆ, ಮತ್ತೆ ಹಾಕ್ತೇನೆ. ಆದ್ರೆ ಒಂಬತ್ತನೇದು ಒಂದು ಇತ್ತು. ನನಗಿಂತ ಮೊದಲು ಇದ್ದವರು ಹಾಕಿದ್ದು. ದಿನಾ ಸಂಜೆ ಆರಕ್ಕೆ ಎಂತದೋ ಕಳಿಸ್ತಿತ್ತು. ಅದು ಎಂತ ಅಂತ ನಂಗೆ ಗೊತ್ತಿಲ್ಲ."

"ಮುಖ್ಯವಾದದ್ದೇನಲ್ಲ ಬಿಡಮ್ಮಾ," ಎಂದರು ರಾಮಮೋಹನ್ ಗಾರು. ಸ್ವಲ್ಪ ಹೊತ್ತಿಗೆ ಹೊರಗೆ ಬಂದು, "ಅದು ವಾಪಸು ಬರೋ ಹಾಗೆ ಏನಾದ್ರೂ ಮಾಡಬಹುದಾ?" ಎಂದು ಕೇಳಿದರು. ನಾಲ್ಕು ಗಂಟೆಗೆ ಮತ್ತೆ ಬಂದರು. ಐದಕ್ಕೆ ಹೊಟ್ಟೆನೋವೆಂದು ಹೇಳಿ ಹೊರಡಲು ಎದ್ದರು. ಅಷ್ಟರಲ್ಲಿ ಕಸ್ಟಮ್ಸಿನವರು ಬಂದು, ಫೋನು ಮುಟ್ಟಲೂ ಬಿಡದೆ, ಅವರನ್ನು ಆರು ಹತ್ತರವರೆಗೆ ಕೂರಿಸಿಕೊಂಡರು.

ಆರೂ ಇಪ್ಪತ್ತಕ್ಕೆ ಆಫೀಸಿನ ಮುಂದೆ ಆಟೋ ನಿಂತಿತು. ರಾಮಮೋಹನ್ ಗಾರ ಶ್ರೀಮತಿ ಸಾಯಿಲಕ್ಷ್ಮಿ ಏದುಸಿರು ಬಿಡುತ್ತ ಒಳಗೆ ಬಂದರು. ಆಗ ರಿಸೆಪ್ಷನ್ನಿನಲ್ಲಿದ್ದವಳು ಗಂಡನನ್ನು ವಾಕಿಂಗಿಗೆ ಕರೆದೊಯ್ಯಲು ಬಂದಿದ್ದ ಸುಲೋಚನಾ ಒಬ್ಬಳೇ.

"ನಮ್ಮವರು ಕ್ಷೇಮವಾ ಅಮ್ಮಾ? ಐದು ವರ್ಷದಿಂದ ಒಂದು ದಿನ ತಪ್ಪಿಲ್ಲ. ಆರು ಗಂಟೆಗೆ 'ಮೀಟಿಂಗಿನಲ್ಲಿದ್ದೇನೆ, ಬರುವುದು ತಡ' ಅಂತ ಬರೀತಾರೆ. ಹಬ್ಬಕ್ಕೂ ಬರೀತಾರೆ. ಜ್ವರ ಬಂದು ಮನೇಲಿ ಮಲಗಿದ್ದಾಗಲೂ ನಂಗೆ ಬಂದಿತ್ತು. ಇವತ್ತು ಬರಲೇ ಇಲ್ಲ, ಎದೆ ಒಡೆದುಹೋಯ್ತು."

ಒಳಗಿನ ಕೋಣೆಯ ಬಾಗಿಲು ಅರ್ಧ ತೆರೆದು, ರಾಮಮೋಹನ್ ಗಾರ ಮುಖ ಕಂಡು, ಬಾಗಿಲು ಮತ್ತೆ ಮುಚ್ಚಿಕೊಂಡಿತು.

ಸುಲೋಚನಾ ಎದ್ದು ಸಾಯಿಲಕ್ಷ್ಮಿಯವರ ಕೈ ಹಿಡಿದು ಆ ಬಾಗಿಲನ್ನು ತಾನೇ ತಳ್ಳಿ ತೆರೆದಳು. ಮ್ಯಾನೇಜರ ಮೇಜಿನ ಎದುರಿಗೆ ಎರಡು ಕುರ್ಚಿ ಎಳೆದಳು.

"ಕ್ಷೇಮವಾಗಿದಾರೆ, ಕೂತ್ಕೊಳ್ಳಿ," ಎಂದಳು. "ಮೀಟಿಂಗು ಈಗ ಶುರುವಾಗುತ್ತೆ."